ಪಕ್ಕದ ಸೀಟಿನ ಕಿಟಕಿ

(ಗ್ಯಾರೇಜು. ಕಾರಿನ ಪಕ್ಕದ ಸೀಟಿನ ಕಿಟಕಿ ಬೆಳಿಗ್ಗೆಯಿಂದ ಇಪ್ಪತ್ತು ಸಲ ಇಳಿದು ಹತ್ತಿದೆ, ಒಮ್ಮೆಯೂ ಹಟ ಮಾಡಿಲ್ಲ. ಡಾಕ್ಟರ ಮುಂದೆ ರೋಗಿ ಹುಷಾರಾಗಿಬಿಡುವುದು ಹೊಸದೇನಲ್ಲ. ಪೇಚಾಟವೆಲ್ಲ ಕರೆತಂದವರದು.)

ಹೆಂಡತಿ: ಹಾಗಾದ್ರೆ ಕಿಟಕಿ ಇಳಿಯಲ್ಲ ಅಂದಿದ್ದು ಸುಳ್ಳು ಅಂತ ತಾನೇ?

ಗಂಡ: ಸುಳ್ಳು ಅಂತ ಎಲ್ಲಿ ಅಂದೆ? ನೀನು ಒತ್ತೋದು ಸರಿಯಿಲ್ಲ ಅಂದೆ. ನನ್ನ ಕಡೆಯಿಂದ ನಾನು ಒತ್ತಿದ್ರೆ ನಿನ್ನ ಕಿಟಕಿ ಸುಮ್ಮನೆ ಇಳಿಯುತ್ತೆ.

ಹೆಂಡತಿ: ನಾನು ಒತ್ತಿದ್ರೂ ಒಂದೊಂದು ಸಲ ಇಳಿಯುತ್ತಲ್ಲ?

ಗಂಡ: ಒಂದೊಂದು ಸಲ ಸರಿಯಾಗಿ ಒತ್ತುತ್ತೀಯ.

ಮೆಕ್ಯಾನಿಕ್: ಸಾರ್, ಹೋದ ತಿಂಗಳು ಸ್ವಿಚ್ ಬದಲಾಯಿಸಿದೆ. ಆಮೇಲೆ ಮೋಟರ್ ಬದಲಾಯಿಸಿದೆ. ವೈರೂ ಹೊಸದು. ಇನ್ನು ಹಳೇದು ಅಂತ ಉಳಿದಿರೋದು ಗಾಜು, ಮತ್ತೆ ಅಮ್ಮಾವ್ರು.

ಹೆಂಡತಿ: ನನ್ನನ್ನೂ ಬದಲಾಯಿಸಿಬಿಡಪ್ಪ, ಇವರಿಗೆ ಸಮಾಧಾನ ಆಗ್ಲಿ. ಕಿಟಕಿ ಮುಚ್ಚಿದ್ರೆ ನನಗೆ ಹೊಟ್ಟೆ ತೊಳಸುತ್ತೆ. ನಮ್ಮಕ್ಕ ಮಂಡಿ ಆಪರೇಷನ್ ಮಾಡಿಸ್ಕೊಂಡು ಮಲಗಿದಾಳೆ, ನಾಳೆ ಅಲ್ಲಿಗೆ ಮೂರು ಗಂಟೆ ದಾರಿ. ಇದು ಇವತ್ತು ನೆಟ್ಟಗಾಗದಿದ್ರೆ ನಾನು ಬಸ್ಸಿಗೆ ಹೋಗಿ ಹದಿನೈದು ದಿನ ಅಲ್ಲೇ ಇರ್ತೀನಿ. ಇವರು ಅಡುಗೆ ಮಾಡ್ಕೊಂಡು, ಕಾರು ಒರೆಸ್ಕೊಂಡು ಇರ್ಲಿ.

(ಅಡುಗೆ ಎಂಬ ಮಾತು ಕೇಳಿ ಗಂಡನ ಮುಖ ಸಪ್ಪಗಾಯಿತು. ನೀರು ಕುದಿಯಿತೋ ಇಲ್ಲವೋ ಎಂಬುದನ್ನೂ ಅವರು ಹೆಂಡತಿಯನ್ನು ಕೇಳಿಯೇ ತಿಳಿಯುವವರು.)

ಹೆಂಡತಿ: ಲೈಸೆನ್ಸ್ ನನಗೂ ಇದೆ, ಬೀಗದಕೈ ಕೊಟ್ರೆ...

ಗಂಡ: ಕಾರು ಒಂದೇ ಕೈಗೆ ಒಗ್ಗಬೇಕು. ಎರಡು ಕೈ ಬಿದ್ರೆ ಕೆಡುತ್ತೆ.

ಹೆಂಡತಿ: ಒಂದೇ ಕೈಲಿದ್ದೂ ಕೆಟ್ಟಿದೆಯಲ್ಲ.

(ಗಂಡ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಅಂಕಿಅಂಶ ಇಲಾಖೆಯಲ್ಲಿ ಮೂವತ್ತು ವರ್ಷ ಕೋಷ್ಟಕ ಹಾಕಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತು, ಅವರು ಕೋಷ್ಟಕ ಬಿಡಲಿಲ್ಲ.)

ಗಂಡ: ಕೇಳಪ್ಪ. ಆರನೇ ತಾರೀಖು, ಬಿಸಿಲು, ಮಾರ್ಕೆಟ್ ದಾರಿ, ಇಳಿಯಲಿಲ್ಲ. ಒಂಬತ್ತು, ಮೋಡ, ಹಲ್ಲಿನ ಡಾಕ್ಟರ ಹತ್ರ, ಇಳಿಯಿತು. ಹನ್ನೆರಡು, ಬಿಸಿಲು, ಹೋಗುವಾಗ ಇಳಿಯಲಿಲ್ಲ, ಬರುವಾಗ ಇಳಿಯಿತು. ಇದರಿಂದ ಏನು ಗೊತ್ತಾಗುತ್ತೆ?

ಮೆಕ್ಯಾನಿಕ್: ಏನು ಸಾರ್?

ಗಂಡ: ಇನ್ನೂ ಮೂರು ತಿಂಗಳು ಬರೀಬೇಕು.

ಹೆಂಡತಿ: ನಾನು ಹೇಳ್ತೀನಿ ಕೇಳಿ. ಆರನೇ ತಾರೀಖು ನಮ್ಮಣ್ಣನಿಗೆ ಬುದ್ಧಿ ಇಲ್ಲ ಅಂತ ದಾರಿಯುದ್ದಕ್ಕೂ ಹೇಳಿದ್ರಿ, ಮನೆ ಮುಂದೆ ನಿಲ್ಲಿಸಿ ಇನ್ನೊಂದು ಸಲ ಹೇಳಿದ್ರಿ. ಒಂಬತ್ತಕ್ಕೆ ಹಲ್ಲುನೋವು, ತುಟಿ ಬಿಚ್ಚಲಿಲ್ಲ. ಹನ್ನೆರಡಕ್ಕೆ ಹೋಗುವಾಗ ನಮ್ಮಣ್ಣನಿಗೆ ಬುದ್ಧಿ ಇಲ್ಲ, ಬರುವಾಗ ನಮ್ಮಕ್ಕನಿಗೂ ಇಲ್ಲ.

(ಮೆಕ್ಯಾನಿಕ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಎರಡು ತಿಂಗಳಿಂದ ಅವನು ಪರೀಕ್ಷೆ ಮಾಡಿದ್ದು ಖಾಲಿ ಕಾರನ್ನು. ಈಗ ಇಬ್ಬರನ್ನೂ ಮುಂದೆ ಕೂರಿಸಿ, ತಾನು ಹಿಂದೆ ಕೂತ.)

ಮೆಕ್ಯಾನಿಕ್: ಹನ್ನೆರಡನೇ ತಾರೀಖಿನ ಜಗಳ ಇನ್ನೊಂದು ಸಲ ಆಡಿ.

ಗಂಡ: ಸುಮ್ಸುಮ್ನೆ ಜಗಳ ಹೇಗಪ್ಪ ಬರುತ್ತೆ?

ಹೆಂಡತಿ: ನಮ್ಮಣ್ಣ ಹೊಸ ಕಾರು ತಗೊಂಡಿದಾನೆ.

ಗಂಡ: ತಗೊಳ್ದೆ ಏನು, ಮುಂದಾಲೋಚನೆ ಅನ್ನೋದು ಆ ಮನುಷ್ಯನಿಗೆ ಯಾವತ್ತಿತ್ತು? ನಾನು ಅವತ್ತೇ ಹೇಳಿದ್ದೆ...

(ಮಾತಿಗೆ ಕಾವೇರುತ್ತಿದ್ದಂತೆ ಗಂಡ ಹೆಂಡತಿಯ ಕಡೆ ಪೂರ್ತಿ ತಿರುಗಿದರು. ಒಂದು ಕೈಯ ತೋರುಬೆರಳು ಮೇಲೆದ್ದಿತು, ಇನ್ನೊಂದು ಕೈಯ ಮೊಣಕೈ ತಮ್ಮ ಕಡೆಯ ಬಾಗಿಲ ಮೇಲೆ ಊರಿತು. ಎಲ್ಲೋ ಟಕ್ ಎಂದಿತು.)

ಮೆಕ್ಯಾನಿಕ್: ಅಮ್ಮಾ, ಈಗ ಒತ್ತಿ.

(ಒತ್ತಿದರು. ಕಿಟಕಿ ಅಲ್ಲಾಡಲಿಲ್ಲ.)

ಮೆಕ್ಯಾನಿಕ್: ಸಾರ್, ಕೈ ತೆಗೀಬೇಡಿ. ಮೊಣಕೈ ಕೆಳಗೆ ಒಂದು ಬಟನ್ ಇದೆ, ನೋಡಿ. ಮಕ್ಕಳು ಕಿಟಕಿ ಜೊತೆ ಆಟ ಆಡಬಾರದು ಅಂತ ಇಟ್ಟಿರೋದು. ಒಂದು ಸಲ ಅದುಮಿದ್ರೆ ಉಳಿದವರ ಸ್ವಿಚ್ ಎಲ್ಲ ಬಂದ್, ಓಡಿಸೋರ ಮಾತು ಮಾತ್ರ ನಡೆಯುತ್ತೆ. ಇನ್ನೊಂದು ಸಲ ಅದುಮಿದ್ರೆ ಎಲ್ಲಾ ಸರಿಯಾಗುತ್ತೆ. ನೀವು ಬುದ್ಧಿ ಹೇಳೋಕೆ ಶುರು ಮಾಡಿದಾಗೆಲ್ಲ ಅಲ್ಲಿಗೇ ಊರ್ತೀರ. ಹನ್ನೆರಡಕ್ಕೆ ಅಣ್ಣನ ಮಾತಿಗೆ ಬಂದ್ ಆಯ್ತು, ಅಕ್ಕನ ಮಾತಿಗೆ ಬಿಟ್ಕೊಳ್ತು.

(ಗಂಡ ಪುಸ್ತಕ ಮಡಚಿ ಜೇಬಿಗೆ ಹಾಕಿಕೊಂಡರು.)

ಗಂಡ: ಕಾರಲ್ಲಿ ಏನೂ ದೋಷ ಇಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದೀನಿ.

ಹೆಂಡತಿ: ಹೌದು, ಹೇಳ್ತಾನೇ ಇದೀರಿ. ಅದೇ ರೋಗ. ಇದಕ್ಕೆ ರಿಪೇರಿ ಏನಪ್ಪ?

ಮೆಕ್ಯಾನಿಕ್: ಮೊಣಕೈಗೆ ಬಿಡಿಭಾಗ ಸಿಗಲ್ಲಮ್ಮ. ಸಾರ್ ದಾರಿಯುದ್ದಕ್ಕೂ ಮಾತಾಡದೆ ಓಡಿಸ್ಬೇಕು, ಅಷ್ಟೇ.

ಗಂಡ: ಮೂರು ಗಂಟೆನಾ?

(ಆ ದನಿಯಲ್ಲಿ ನಿಜವಾದ ಭಯವಿತ್ತು. ಹೆಂಡತಿ ಅಂಗೈ ಚಾಚಿದರು. ಅಡುಗೆಯ ಹದಿನೈದು ದಿನಗಳನ್ನು ಒಂದು ಕಡೆ, ಬೀಗದಕೈಯನ್ನು ಇನ್ನೊಂದು ಕಡೆ ಇಟ್ಟು ತೂಗಿ, ಗಂಡ ಬೀಗದಕೈ ಕೊಟ್ಟರು.)

(ಮರುದಿನ ಬೆಳಿಗ್ಗೆ, ಹೆದ್ದಾರಿ. ಸ್ಟಿಯರಿಂಗ್ ಹಿಂದೆ ಹೆಂಡತಿ. ಅವರ ಕಿಟಕಿ ಪೂರ್ತಿ ಇಳಿದಿದೆ, ಸೆರಗು ಗಾಳಿಗೆ ಹಾರುತ್ತಿದೆ. ಪಕ್ಕದ ಸೀಟಿನಲ್ಲಿ ಗಂಡ. ಗೇರಿನ ಬಗ್ಗೆ, ಬ್ರೇಕಿನ ಬಗ್ಗೆ, ಭಾವಮೈದುನನ ಬಗ್ಗೆ ಹೇಳಿ ಮುಗಿಸುವಷ್ಟರಲ್ಲಿ ಬೆವತಿದ್ದಾರೆ. ಬೆರಳು ಸ್ವಿಚ್ಚಿನ ಮೇಲಿದೆ.)

ಗಂಡ: ಏನೇ, ಈ ಕಿಟಕಿ ಇಳೀತಿಲ್ಲ.

ಹೆಂಡತಿ: (ರಸ್ತೆಯಿಂದ ಕಣ್ಣು ತೆಗೆಯದೆ, ಮೊಣಕೈ ಬಾಗಿಲ ಮೇಲೆ ಊರಿಕೊಂಡೇ) ನೀವು ಒತ್ತೋದು ಸರಿಯಿಲ್ಲ.