ವಯಸ್ಸಿನಿಂದ ಬಂದದ್ದಲ್ಲವೆಂಬ ಪ್ರಮಾಣಪತ್ರ

ಹಿರಿಯ ನಾಗರಿಕರ ತುರ್ತು ಮನೋಚಿಕಿತ್ಸಾ ಘಟಕವು ಹಗಲೂ ರಾತ್ರಿ ತೆರೆದಿರುತ್ತದೆ. ಒಳಗೆ ಹೋಗಲು ಬೇಕಾದುದು ಒಂದೇ ಕಾಗದ: ರೋಗಿಯ ದುಃಖ ವಯಸ್ಸಿನಿಂದ ಬಂದದ್ದಲ್ಲವೆಂಬ ಪ್ರಮಾಣಪತ್ರ. ವಯಸ್ಸಿನಿಂದ ಬಂದ ದುಃಖ ಸಹಜ, ಸಹಜವಾದದ್ದು ತುರ್ತಲ್ಲ ಎಂದು ನಿಯಮ ಒಂಬತ್ತು ಸ್ಪಷ್ಟವಾಗಿ ಹೇಳಿದೆ.

ಗಡಿಯಾರ ರಿಪೇರಿಯ ಮುದುಕರನ್ನು ಮಗಳು ಬೆಳಿಗ್ಗೆಯೇ ಕರೆತಂದಳು. ಹೆಂಡತಿ ಹೋದ ಮೇಲೆ ಅವರು ಸರಿಯಾಗಿ ಉಂಡಿಲ್ಲ, ಮಲಗಿಲ್ಲ.

"ನಿನ್ನೆಯಿಂದ 'ನಾನ್ಯಾಕಿನ್ನೂ ಇರ್ಬೇಕು' ಅಂತಿದಾರೆ. ಒಬ್ರನ್ನೇ ಬಿಡೋಕೆ ಭಯ ಆಗುತ್ತೆ ಸಾರ್."

"ವಯಸ್ಸೆಷ್ಟು?" ಗುಮಾಸ್ತರು ಕೇಳಿದರು.

"ಎಪ್ಪತ್ತೆಂಟು."

"ಹಾಗಾದ್ರೆ ಇದ್ದದ್ದೇ ಬಿಡಿ. ಯೌವನದಲ್ಲೂ ದುಃಖದಲ್ಲೇ ಇದ್ರು ಅನ್ನೋದಕ್ಕೊಂದು ಫೋಟೊ ಕೊಡಿ, ನೋಡೋಣ."

ಮುದುಕರ ಜೇಬಿನಲ್ಲೇ ಮದುವೆಯ ಫೋಟೊ ಇತ್ತು. ಗುಮಾಸ್ತರು ಭೂತಗನ್ನಡಿ ಹಿಡಿದರು.

"ನಗ್ತಿದಾರಲ್ರೀ! ಹಲ್ಲು ಎಣಿಸ್ಬಹುದು. ಆಗ ಖುಷಿ, ಈಗ ದುಃಖ. ಅಂದ್ರೆ ವಯಸ್ಸಿಂದ್ಲೇ ಬಂದಿದ್ದು."

ಅರ್ಜಿ ವಜಾ ಆಯಿತು. ಮೇಲ್ಮನವಿಗೆ ಹದಿನೈದು ದಿನ. ಮಗಳು ಅಪ್ಪನನ್ನು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದಳು.

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ "ಕಾಲೆತ್ತಿ ಯಜಮಾನ್ರೇ" ಎಂದಳು. ಅವರ ಕೈಯಲ್ಲಿದ್ದ ಫೋಟೊ ನೋಡಿ, "ಇಷ್ಟು ನಗೋ ಹಾಗೆ ಅಮ್ಮಾವ್ರು ಅಂಥದ್ದೇನಂದ್ರು?" ಎಂದು ಕೇಳಿದಳು.

ಆ ಕಟ್ಟಡದಲ್ಲಿ ಮುದುಕರನ್ನೇ ನೋಡಿ ಕೇಳಿದ ಮೊದಲ ಪ್ರಶ್ನೆ ಅದು.

"ಫೋಟೊ ತೆಗೆಯೋನ ವಾಚು ನಿಂತೋಗಿದೆ, ಈಗ್ಲೇ ರಿಪೇರಿಗೆ ಕೂತ್ಬಿಡ್ಬೇಡಿ ಅಂದ್ಲು" ಎಂದವರು ಅತ್ತುಬಿಟ್ಟರು. ಅಳುತ್ತಲೇ ಇನ್ನಷ್ಟು ಹೇಳಿದರು. ಆಯಾ ಅದೇ ಜಾಗವನ್ನು ಮುಕ್ಕಾಲು ಗಂಟೆ ಒರೆಸಿದಳು. ಕೊನೆಗೆ ಅವಳು ಕೊಟ್ಟ ಬಿಸ್ಕತ್ತು ತಿಂದು, "ನಾಳೆನೂ ಒರೆಸ್ತೀಯಾ?" ಎಂದರು. ಮಗಳು ಕಂಬಕ್ಕೊರಗಿ ಕಣ್ಣೊರೆಸಿಕೊಂಡಳು.

ವಿಷಯ ಮೇಲಧಿಕಾರಿಗಳ ಕಿವಿಗೆ ಬಿತ್ತು. ಅನುಮತಿಯಿಲ್ಲದೆ ಆಲಿಸಿದ್ದಕ್ಕೆ ಆಯಾಳಿಗೆ ನೋಟಿಸು ಹೋಯಿತು. ತಾನು ಒರೆಸುತ್ತಿದ್ದೆನಷ್ಟೆ ಎಂದು ಅವಳು ಉತ್ತರ ಬರೆಸಿದಳು. ಕಡತವನ್ನು ಪರಿಶೀಲಿಸಿದ ಸಮಿತಿಯು ಪ್ರಕಟಣೆ ಹೊರಡಿಸಿತು: "ಹಿರಿಯರು ನೆಲ ಒರೆಸುವ ವೇಳೆಯಲ್ಲಿ ಮಾತ್ರ ಅಳತಕ್ಕದ್ದು. ಆ ಅವಧಿಯಲ್ಲಿ ಕಾಲು ಎತ್ತಿರತಕ್ಕದ್ದು."

ಈಗ ಆ ಪಡಸಾಲೆಯನ್ನು ದಿನಕ್ಕೆ ಹನ್ನೊಂದು ಸಲ ಒರೆಸುತ್ತಾರೆ. ಒಳಗೆ ವೈದ್ಯರು ಖಾಲಿ ಹಾಸಿಗೆಗಳ ನಡುವೆ ತುರ್ತಿಗಾಗಿ ಕಾಯುತ್ತಿದ್ದಾರೆ. ಘಟಕಕ್ಕೆ ಈ ವರ್ಷ ಸ್ವಚ್ಛತೆಯ ಪ್ರಶಸ್ತಿಯೂ ಬಂತು. ಗುಮಾಸ್ತರು ಕಳೆದ ತಿಂಗಳು ನಿವೃತ್ತರಾದರು. ಮನೆಯಲ್ಲಿ ಹೊತ್ತು ಹೋಗುವುದಿಲ್ಲವಂತೆ. ಬೆಳಿಗ್ಗೆ ಹತ್ತಕ್ಕೆ ಮುಂಚೆಯೇ ಬಂದು, ಮುದುಕರ ಪಕ್ಕದಲ್ಲಿ ಕಾಲೆತ್ತಿಕೊಂಡು ಕೂತಿರುತ್ತಾರೆ.