ದಡ್ಡಿಯ ಅಜ್ಜಿಯ ಹೆಸರು ಮತ್ತು ಐವತ್ತೊಂದು ಬಟ್ಟಲು

ದಾಖಲೆಗಳ ವಿಷಯದಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ ಎಂಬುದು ನನ್ನ ಬಹುದಿನಗಳ ನಂಬಿಕೆಯಾಗಿತ್ತು. ಗೋಕಾಕ ಸುತ್ತಲಿನ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು ನಾನು. ಪಾಠ ಹೇಳಿದ್ದಕ್ಕಿಂತ ಹೆಚ್ಚಾಗಿ ರಜಿಸ್ಟರ್ ತುಂಬಿದ್ದೇನೆ. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಬಿಸಿಯೂಟದ ಪುಸ್ತಕ, ಮತದಾರರ ಪಟ್ಟಿ, ಅದರ ಮೇಲೆ ಎರಡು ಸಲ ಜನಗಣತಿ. ಇಷ್ಟೆಲ್ಲ ಜನರನ್ನು ಬರೆದುಕೊಂಡವನಿಗೆ ಸ್ವಂತ ಅಜ್ಜಿಯ ಹೆಸರೇ ಗೊತ್ತಿಲ್ಲ ಎಂಬುದು ನಿವೃತ್ತಿಯಾದ ಮೇಲೆ ಬೆಳಕಿಗೆ ಬಂತು.

ಬೆಳಕಿಗೆ ತಂದವರು ಮೂಡಲಗಿಯ ರುದ್ರಪ್ಪ ಕಾಕಾ, ತೀರಿಹೋದ ನನ್ನ ತಂದೆಯ ತಮ್ಮ. ಎಂಬತ್ನಾಲ್ಕು ವರ್ಷದ ಕಾಕಾ ತಮ್ಮ ಮೊಮ್ಮಗಳು ಸವಿತಾಳಿಗೆ ಹೆಣ್ಣುಮಗು ಹುಟ್ಟಿದ ದಿನವೇ ನನಗೆ ಫೋನ್ ಮಾಡಿದರು.

“ಅಪ್ಪಾ, ಕೂಸಿಗೆ ನಮ್ಮವ್ವನ ಹೆಸರ ಇಡಬೇಕಂತ ಆಸೆ ಐತಿ. ಆದ್ರ ನಮ್ಮವ್ವನ ಹೆಸರ ನನಗ ಗೊತ್ತಿಲ್ಲ.”

ಕಾಕಾ ನನ್ನನ್ನು ಅಪ್ಪಾ ಎಂದೇ ಕರೆಯುವುದು. ನಮ್ಮ ಮನೆತನದಲ್ಲಿ ಹಿರಿಮೊಮ್ಮಗನಿಗೆ ಅಜ್ಜನ ಹೆಸರು. ಅಜ್ಜ ಶಿವಲಿಂಗಪ್ಪ ಬಸಪ್ಪ, ಅವರ ಮಗ ಬಸಪ್ಪ ಶಿವಲಿಂಗಪ್ಪ, ಆತನ ಮಗನಾದ ನಾನು ಮತ್ತೆ ಶಿವಲಿಂಗಪ್ಪ ಬಸಪ್ಪ. ತಂದೆಯ ಹೆಸರು ಹೊತ್ತವನನ್ನು ಹೆಸರು ಹಿಡಿದು ಕರೆಯಬಾರದೆಂದು ನಾನು ಅಂಗಿ ಚಡ್ಡಿ ಹಾಕುವ ವಯಸ್ಸಿನಿಂದಲೇ ಕಾಕಾ ನನಗೆ ಅಪ್ಪನ ಪಟ್ಟ ಕಟ್ಟಿದ್ದರು.

ಕಾಕಾ ಇನ್ನೂ ಮೊಲೆಹಾಲು ಕುಡಿಯುವ ಕೂಸಾಗಿದ್ದಾಗ ಅವರ ತಾಯಿ ಜ್ವರ ಬಂದು ತೀರಿಹೋದಳು. ಆಗ ನಮ್ಮವರೆಲ್ಲ ಇದ್ದದ್ದು ಹುಕ್ಕೇರಿ ಬದಿಯ ಹಳ್ಳಿಯಲ್ಲಿ. ಅಜ್ಜ ವರ್ಷದೊಳಗೆ ಇನ್ನೊಂದು ಮದುವೆಯಾದರು. ಸತ್ತವಳ ಮಾತು ಮನೆಯಲ್ಲಿ ಯಾರೂ ತೆಗೆಯಲಿಲ್ಲ, ತೆಗೆದರೂ ಅವಳ ತವರೂರು ಹಿಡಿದು ‘ದಡ್ಡಿಯಾಕಿ’ ಎನ್ನುತ್ತಿದ್ದರೇ ಹೊರತು ಹೆಸರು ಹೇಳಲಿಲ್ಲ. ಫೋಟೋ ಅಂತೂ ಇಲ್ಲವೇ ಇಲ್ಲ. ತಾಯಿ ಎಂದರೆ ಕಾಕಾನಿಗೆ ಒಂದು ಊರಿನ ಹೆಸರು, ಅಷ್ಟೇ.

“ಈ ವಯಸ್ಸಿನ್ಯಾಗ ನಾ ಬ್ಯಾರೆ ಏನೂ ಕೇಳೂದಿಲ್ಲ,” ಎಂದರು ಕಾಕಾ.

ಆ ಮಾತು ಕೇಳಿದ್ದೇ ತಡ, ನನ್ನ ಬಾಯಿಂದ ಬಡಾಯಿ ಹೊರಟಿತು. ತೊಟ್ಟಿಲಿಗೆ ಹಾಕಲು ಇನ್ನೂ ಹನ್ನೆರಡು ದಿನ ಇದೆ, ಹೆಸರೊಂದೇ ಏಕೆ, ಇಡೀ ವಂಶಾವಳಿಯನ್ನೇ ಸರ್ಕಾರಿ ಸೀಲು ಹಾಕಿಸಿ ತರುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ!

ಮೊದಲು ನೆನಪಾದದ್ದು ಜನಗಣತಿ. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡವನು ನಾನೇ ಇರುವಾಗ ಹಳೆಯ ಕಾಲದ ಹೆಸರುಗಳೂ ಎಲ್ಲೋ ಇರಲೇಬೇಕಲ್ಲ? ಆ ಕೆಲಸ ಬಲ್ಲ ಹಿರಿಯ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ನನ್ನ ಮಾತನ್ನು ಪೂರ್ತಿ ಕೇಳಿದ ಅವರು, ಬರೆಸಿದ ಹೆಸರನ್ನು ಯಾರಿಗೂ ಕೊಡುವುದಿಲ್ಲವೆಂದು ಬಾಗಿಲು ಬಾಗಿಲಿಗೆ ನಿಂತು ಹೇಳಿದವರು ನೀವೇ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಹೌದು, ನಾನೇ. ಎರಡು ಸಲ ಹೇಳಿದ್ದೆ.

ಆಮೇಲೆ ಟ್ರಂಕಿನ ತಳದಿಂದ ಹಳೆಯ ಟೆಲಿಫೋನ್ ಡೈರೆಕ್ಟರಿ ಹೊರಬಂತು. ಅದರಲ್ಲಿದ್ದ ದಡ್ಡಿಯ ನಂಬರುಗಳನ್ನೆಲ್ಲ ಒಂದೊಂದಾಗಿ ಒತ್ತಿದೆ. ಎಲ್ಲವೂ ಶಿವಾಧೀನವಾಗಿದ್ದವು. ಕೊನೆಯದೊಂದು ಮಾತ್ರ ಬದುಕಿತ್ತು, ಅದು ಕಿರಾಣಿ ಅಂಗಡಿ. ಅಂಗಡಿಯವನು ನನ್ನ ಪ್ರವರವನ್ನೆಲ್ಲ ಕೇಳಿ, ನಿಮ್ಮ ಊರಿಗೆ ಹಿಂದೆ ಹೆಣ್ಣು ಕೊಟ್ಟ ಮನೆ ಒಂದು ಇಲ್ಲಿದೆ, ಬಂದು ಕೇಳಿ ಎಂದ. ಮರುದಿನವೇ ಎರಡು ಪೊಟ್ಟಣ ಕರದಂಟು ಕಟ್ಟಿಸಿಕೊಂಡು ದಡ್ಡಿಗೆ ಹೊರಟೆ.

ಆ ಮನೆಯ ಯಜಮಾನ ಒಳ್ಳೆಯ ಮನುಷ್ಯ. ಚಹಾ ಕೊಟ್ಟ. ನಾನು ಚಹಾ ಬದಿಗಿಟ್ಟು ದಾಖಲೆ ಕೇಳಿದೆ. ಹೊಲದ ಹಳೆಯ ಉತಾರ ಇದೆಯೇ, ರೇಷನ್ ಕಾರ್ಡು ಇದೆಯೇ, ಕಾಗದಪತ್ರ ಏನಾದರೂ ಇದೆಯೇ? ಅವನು ಪಾಪ ಮೇವಿನ ಅಟ್ಟದವರೆಗೂ ಹತ್ತಿ ಬರಿಗೈಯಲ್ಲಿ ಇಳಿದ. ಅಷ್ಟರಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದ ಅವನ ತಾಯಿ, ತವರಿನಲ್ಲೇ ಉಳಿದಿದ್ದ ನೀಲವ್ವ ಆಯಿ, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

“ಇದು ರೆಕಾರ್ಡಿನ ಕೆಲಸರಿ ಆಯಿ, ನಿಮಗ ತಿಳಿಯೂದಿಲ್ಲ,” ಎಂದೆ. ಆಯಿ ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಕರದಂಟು ಕೊಟ್ಟು, ಮೂಡಲಗಿಯ ತೊಟ್ಟಿಲ ಕಾರ್ಯಕ್ಕೆ ಬಾಯಿಮಾತಿನ ಆಮಂತ್ರಣವನ್ನೂ ಕೊಟ್ಟು ನಾನು ಎದ್ದು ಬಂದೆ.

ಇನ್ನು ಉಳಿದದ್ದು ಮರಣ ನೋಂದಣಿ. ಸತ್ತವರು ಸುಳ್ಳು ಹೇಳುವುದಿಲ್ಲ ಎಂಬ ಧೈರ್ಯದಿಂದ ಹುಕ್ಕೇರಿ ಕಡೆಯ ಒಂದು ಕಚೇರಿಗೆ ಹೋದೆ. ಗುಮಾಸ್ತ ಮರ್ಯಾದಸ್ಥ. ಕುರ್ಚಿ ಕೊಟ್ಟು, ಅರ್ಜಿ ಕೊಟ್ಟು, ಸತ್ತವರ ಹೆಸರು ಬರೆಯಲು ಹೇಳಿದ.

“ಅದನ್ನ ಕೇಳಾಕ ಬಂದೇನಿ,” ಎಂದೆ.

“ಹೆಸರ ಹೇಳ್ರಿ ಸರ್, ಹುಡುಕತೇನಿ.”

“ಹುಡುಕರಿ, ಹೆಸರ ಹೇಳತೇನಿ.”

ಹೀಗೆ ಅರ್ಧ ಗಂಟೆ ನಾವಿಬ್ಬರೂ ಗಾಣದೆತ್ತಿನಂತೆ ಸುತ್ತಿದೆವು. ಕೊನೆಗೆ ಗಂಡನ ಹೆಸರಿನ ಮೇಲೆ ಹುಡುಕುವುದೆಂದು ಒಪ್ಪಂದವಾಯಿತು. ಕಾಕಾ ಹುಟ್ಟಿದ ವರ್ಷದ ಆಸುಪಾಸಿನ ಪುಸ್ತಕ ಹೊರಬಂತು. ಎಷ್ಟೋ ಹಾಳೆ ತಿರುವಿದ ಮೇಲೆ ನನ್ನ ಬೆರಳು ನಿಂತಿತು. ಗಂಗವ್ವ. ಗಂಡನ ಹೆಸರು ಶಿವಲಿಂಗಪ್ಪ ಬಸಪ್ಪ. ಊರು ನಮ್ಮದೇ. ಕಾರಣ ಜ್ವರ. ನಾನು ಕುಣಿಯುವುದೊಂದು ಬಾಕಿ. ಬಾಜೂ ಪುಟದಲ್ಲಿ ಇನ್ನೂ ನಾಲ್ಕು ಕಾಲಂ ಇವೆ, ಅವನ್ನೂ ನೋಡಿ ಎಂದು ಗುಮಾಸ್ತ ಹೇಳಿದ. ಮೂವತ್ತೆರಡು ವರ್ಷ ಕಾಲಂಗಳಲ್ಲೇ ಸಂಸಾರ ಮಾಡಿದವನಿಗೆ ಅವನು ಕಾಲಂ ತೋರಿಸುತ್ತಾನೆಯೇ? ನಾನು ನಕ್ಕು, ಬೇಗ ನಕಲು ಕೊಡಿಸಪ್ಪಾ ಎಂದೆ.

ನಕಲು ಎರಡು ಹಾಳೆಯಲ್ಲಿ ಸೀಲು ಬಿದ್ದು ಬಂತು. ಅರ್ಜಿದಾರ, ಶಿವಲಿಂಗಪ್ಪ ಬಸಪ್ಪ. ಮೃತಳ ಗಂಡ, ಶಿವಲಿಂಗಪ್ಪ ಬಸಪ್ಪ. ಅದನ್ನು ನನ್ನ ಕೈಗಿತ್ತ ಸಿಪಾಯಿ ಹೆಗಲು ಮುಟ್ಟಿ, ಸಮಾಧಾನ ಮಾಡಿಕೊಳ್ಳಿ, ಹೋದವರು ತಿರುಗಿ ಬರುವುದಿಲ್ಲ ಎಂದ. ನಾನು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಹೆಂಡತಿ ಸುಮಿತ್ರಾ ಮೇಲಿನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದಳು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದಳು.

“ಯಾವಾಕಿರಿ ಈ ಗಂಗವ್ವ?”

“ನಮ್ಮ ಅಜ್ಜಿ.”

“ಇಲ್ಲೆ ನಿಮ್ಮ ಹೆಂಡತಿ ಅಂತ ಐತಿ.”

ಹೆಸರು ಅಜ್ಜನದು, ನನಗೆ ಇಟ್ಟದ್ದು ಆಮೇಲೆ, ಅವಳು ಸತ್ತಾಗ ನಾನಿನ್ನೂ ಹುಟ್ಟಿರಲಿಲ್ಲ ಎಂದು ತಿಳಿಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಎಲ್ಲ ಕೇಳಿದ ಮೇಲೆ, ಹೆಸರು ಖಾತ್ರಿ ಮಾಡಿಕೊಳ್ಳಲು ಯಾರಾದರೂ ಹಳೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ ಎಂದಳು. ಸೀಲು ಬಿದ್ದ ಮೇಲೆ ಕೇಳುವುದೇನಿದೆ? ನಾನು ನೇರವಾಗಿ ಬಾಂಡೆ ಅಂಗಡಿಗೆ ಹೋಗಿ ಐವತ್ತೊಂದು ಸ್ಟೀಲ್ ಬಟ್ಟಲು ಆರಿಸಿ, ಪ್ರತಿಯೊಂದರ ಮೇಲೂ ‘ಗಂಗವ್ವನ ನೆನಪಿಗೆ ಚಿ. ಗಂಗಾ’ ಎಂದು ಕೊರೆಸಿದೆ. ಬಂದವರಿಗೆಲ್ಲ ಉಡುಗೊರೆ. ಜೊತೆಗೆ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ವಂಶಾವಳಿ ಬರೆದೆ.

ತೊಟ್ಟಿಲ ಕಾರ್ಯದ ದಿನ ಮೂಡಲಗಿಯ ಮನೆ ಜನರಿಂದ ತುಂಬಿತ್ತು. ಹೊಸ ಪಟಕಾ ಸುತ್ತಿದ ಕಾಕಾ ನನ್ನ ವಂಶಾವಳಿಯ ಮುಂದೆ ಬಂದು ನಿಂತರು. ಗಂಗವ್ವ ಎಂದು ಬರೆದ ಜಾಗಕ್ಕೆ ಬೆರಳು ಮುಟ್ಟಿಸಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಜನ್ಮ ಸಾರ್ಥಕವಾಯಿತೆಂದು ಬೀಗಿದೆ. ಬೀಗುವ ಕೆಲಸ ಎರಡು ನಿಮಿಷ ನಡೆಯಿತು.

ಕೂಸಿನ ಸೋದರತ್ತೆ ಹೆಸರು ಹೇಳಲೆಂದು ಕಿವಿಯ ಹತ್ತಿರ ಬಗ್ಗಿದ್ದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರು ಕೈ ಎತ್ತಿದ್ದರು. ಆಗಲೇ ದಡ್ಡಿಯ ನೀಲವ್ವ ಆಯಿ ಮಗನ ಕೈ ಹಿಡಿದು ಹೊಸ್ತಿಲು ದಾಟಿ ಬಂದಳು. ಬಾಯಿಮಾತಿನ ಆಮಂತ್ರಣಕ್ಕೆ ಅಷ್ಟು ದೂರದಿಂದ ಬಂದ ಮುದುಕಿಗೆ ಮೊದಲು ಒಂದು ಬಟ್ಟಲು ಕೊಟ್ಟರು. ಆಯಿ ಅದರ ಮೇಲಿನ ಹೆಸರನ್ನು ಮಗನಿಂದ ಓದಿಸಿದಳು.

“ಗಂಗವ್ವ? ಅಕಿ ಹೆಸರ ಈ ಕೂಸಿಗೆ ಯಾಕ?”

ನಾನು ಜೇಬಿನಿಂದ ಸೀಲು ಬಿದ್ದ ನಕಲು ತೆಗೆದು, ಸಭೆಗೆಲ್ಲ ಕೇಳುವಂತೆ ಮಾಸ್ತರ ಧ್ವನಿಯಲ್ಲಿ ಓದಿದೆ. ಆಯಿ ಶಾಂತವಾಗಿ, ವಯಸ್ಸೆಷ್ಟು ಬರೆದಿದ್ದಾರೆ ಎಂದಳು. ಅಂದು ನಾನು ಎರಡನೆಯ ಹಾಳೆಯನ್ನು ಮೊದಲ ಬಾರಿಗೆ ನೋಡಿದೆ. ವಯಸ್ಸು ಎಪ್ಪತ್ತೆರಡು! ಅಂದರೆ ಕಾಕಾನನ್ನು ಹೆತ್ತಾಗ ಅವರ ತಾಯಿಗೆ ಎಪ್ಪತ್ತು ದಾಟಿತ್ತು. ಮನೆಯಲ್ಲಿ ಗಣಿತ ಬಲ್ಲವರು ಬಹಳ ಜನ ಇದ್ದರು. ನಗು ಅಡುಗೆಮನೆಯಿಂದಲೇ ಶುರುವಾಯಿತು.

“ಗಂಗವ್ವ ನಿಮ್ಮಜ್ಜಗ ಅಜ್ಜಿ,” ಎಂದಳು ಆಯಿ. “ನಿಮ್ಮ ಮನ್ಯಾಗ ಮೊಮ್ಮಗಗ ಅಜ್ಜನ ಹೆಸರ ಇಡ್ತೀರಿ. ಹಿಂಗಾಗಿ ಅಕಿ ಗಂಡಾನೂ ಶಿವಲಿಂಗಪ್ಪ ಬಸಪ್ಪನ. ನಿಮ್ಮಜ್ಜಿ, ಅಂದ್ರ ನಮ್ಮ ಸೋದರತ್ತಿ, ಲಗ್ನಾಗಿ ಬಂದ ದಿನಾನ ಅಕಿ ತವರಮನಿ ಹೆಸರ ತಗದು ಬ್ಯಾರೆ ಹೆಸರ ಇಟ್ಟಾಕಿ ಈ ಗಂಗವ್ವನ. ಇಟ್ಟ ಹೆಸರ್ಲೇನೂ ಕರೀಲಿಲ್ಲಂತ. ದಡ್ಡಿಯಾಕಿ, ದಡ್ಡಿಯಾಕಿ ಅಂತ ಕಾಡಿದ್ಲಂತ.”

ಒಬ್ಬ ಹುಡುಗಿಯ ಹೆಸರನ್ನು ಅಳಿಸಿದ ಮುದುಕಿಯ ಹೆಸರನ್ನು ನಾನು ಐವತ್ತೊಂದು ಕಡೆ ಉಕ್ಕಿನಲ್ಲಿ ಕೊರೆಸಿದ್ದೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿ ನಾಚಿಕೆಯಾಯಿತು. ಕಾಕಾ ಮುದುಕಿಯ ಹತ್ತಿರ ಹೋಗಿ ನೆಲದ ಮೇಲೆ ಕುಳಿತರು.

“ಖರೆ ಹೆಸರ ಏನಿತ್ತಬೇ?”

“ಚನ್ನವ್ವ. ನಮ್ಮಪ್ಪ ಸಾಯೂತನಕ ತಂಗಿ ಹೆಸರ ತಗದು ಅಳತಿದ್ದ. ಶೇಂಗಾ ಸುಲಿಯೂಮುಂದ ಇದನ್ನ ಹೇಳಾಕ ಹೊಂಟಿದ್ನಿ, ಮಾಸ್ತರು ನಿಮಗ ತಿಳಿಯೂದಿಲ್ಲ ಅಂದ್ರು.”

ಎಲ್ಲರೂ ಮಾಸ್ತರನ್ನು ನೋಡಿದರು. ಮಾಸ್ತರು ವಂಶಾವಳಿಯನ್ನು ಸುರುಳಿ ಸುತ್ತುತ್ತಿದ್ದರು.

ಕಾಕಾ ಚನ್ನವ್ವ ಎಂದರು. ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ. ಆಮೇಲೆ ತೊಟ್ಟಿಲ ಹತ್ತಿರ ಹೋಗಿ, ಹದಿಮೂರು ದಿನದ ಕೂಸಿಗೆ ‘ಅವ್ವಾ’ ಎಂದು ಕರೆದರು. ಎಂಬತ್ನಾಲ್ಕು ವರ್ಷದ ಮನುಷ್ಯ ಗಲ್ಲದ ಮೇಲೆ ನೀರು ಇಳಿಸಿಕೊಂಡು ನಗುವುದನ್ನು ನಾನು ಅಂದೇ ನೋಡಿದ್ದು. ನನ್ನ ಮೂರ್ಖತನವೆಲ್ಲ ಆ ನಗೆಗೆ ತಗಲಿದ ಬಸ್ ಚಾರ್ಜು ಎಂದುಕೊಂಡು ಸಂತೋಷಪಟ್ಟೆ. ಸೋದರತ್ತೆ ಕಿವಿಯಲ್ಲಿ ಚನ್ನವ್ವ ಎಂದಳು, ಹೆಂಗಸರು ಅವಳ ಬೆನ್ನಿಗೆ ಮನಸ್ಸು ತುಂಬಿ ಗುದ್ದಿದರು, ಗುಗ್ಗರಿ ಹಂಚಿದರು. ಗುಗ್ಗರಿಗೆ ಬಟ್ಟಲು ಬೇಕಲ್ಲ? ಐವತ್ತೊಂದು ಮನೆಗಳಿಗೆ ಗಂಗವ್ವ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಹೋದಳು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ನೀಲವ್ವ ಆಯಿ, ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಲಗ್ನದ ದಿನವೇ ಹೋಗುತ್ತದೆ ಎಂದಳು. ಸುಮಿತ್ರಾ ನಕ್ಕು, ನನ್ನದೂ ಅತ್ತೆ ಇಟ್ಟ ಹೆಸರೇ ಎಂದಳು.

“ಹಂಗಾರ ತವರಮನಿ ಹೆಸರ ಏನವಾ?” ಎಂದಳು ಆಯಿ.

ಸುಮಿತ್ರಾ ನನ್ನ ಕಡೆ ತಿರುಗಿದಳು. “ನಮ್ಮವರನ್ನ ಕೇಳ್ರಿ. ಎಲ್ಲಾ ರೆಕಾರ್ಡ ಅವರ ಕಡೇನ ಇರ್ತಾವ.”

ಇಡೀ ಮನೆ ನನ್ನ ಬಾಯಿ ನೋಡಿತು. ಮೂವತ್ತಾರು ವರ್ಷದ ಸಂಸಾರವನ್ನು ನಾನು ಹಾಳೆ ಹಾಳೆಯಾಗಿ ತಿರುವಿದೆ. ತವರಿನಲ್ಲಿ ಅವಳನ್ನು ಚಿಕ್ಕವರು ಅಕ್ಕಾ ಎನ್ನುತ್ತಾರೆ, ದೊಡ್ಡವರು ತಂಗೀ ಎನ್ನುತ್ತಾರೆ. ನಾನು ಏನ, ಇಲ್ಲೆ ಬಾ ಎನ್ನುತ್ತೇನೆ. ಲಗ್ನದ ಪತ್ರಿಕೆಯಲ್ಲಿ ಒಂದು ಹೆಸರಿತ್ತು, ಅದನ್ನು ಓದಿದ್ದೂ ಉಂಟು. ಕೊನೆಗೆ ಧೈರ್ಯ ಮಾಡಿ, ಶೋಭಾ ಎಂದೆ.

ಶೋಭಾ ಅವಳ ತಂಗಿ!

ಮೂಡಲಗಿಯಿಂದ ಗೋಕಾಕದವರೆಗೆ ಸುಮಿತ್ರಾ ಬಸ್ಸಿನ ಕಿಟಕಿಯಾಚೆಯ ಕಬ್ಬನ್ನೇ ನೋಡುತ್ತ ಕುಳಿತಿದ್ದಳು. ಇಂದಿಗೆ ಎಂಟು ದಿನ. ನಾನು ಬೇಡಿಕೊಂಡದ್ದಾಯಿತು, ಕರದಂಟು ತಂದದ್ದಾಯಿತು, ಕದ್ದು ಅವಳ ಅಣ್ಣನಿಗೆ ಫೋನ್ ಮಾಡಿದ್ದೂ ಆಯಿತು. ಹೆಸರು ಹೇಳಬೇಡ ಎಂದು ಅಲ್ಲಿಗೆ ಅವಳ ಫೋನು ಮೊದಲೇ ಹೋಗಿದೆ. ಮನೆಯಲ್ಲಿ ರೊಟ್ಟಿ ಸಿಗುತ್ತಿದೆ, ಹೆಸರು ಇನ್ನೂ ಸಿಕ್ಕಿಲ್ಲ.