ಹಾರುವ ಹುಲಿಯೂ ಡಾಕ್ಟರಮ್ಮನ ಸೋಫಾವೂ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಬರವಣಿಗೆ ಸರಿಯಿದ್ದಾಗಲೇ ಕಾಗೆಕಾಲು ಗುಬ್ಬಿಕಾಲು. ಈಗಂತೂ ಬಲಗೈ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡು ಕಾಗೆಗೆ ಕುಂಟು ಬೇರೆ ಬಂದಿದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ನಾನು, ಒಳ್ಳೆಯ ಮಾತುಗಳನ್ನಾದರೂ ಎಲ್ಲಿಂದ ತರಲಿ? ಒಂದೊಂದು ವಾಕ್ಯವನ್ನೂ ಮೊದಲು ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಬರೆದು, ಬರೆದದ್ದನ್ನು ಮತ್ತೆ ಓದಿದ್ದೇನೆ. ಆದರೂ ತಪ್ಪು ಕಂಡರೆ ದಯವಿಟ್ಟು ಹೆಬ್ಬೆರಳಿನ ತಲೆಗೆ ಕಟ್ಟಿಬಿಡಿ. ಅದು ಹೀಗೆ ಊದಿದ್ದು ಹೇಗೆ ಎಂಬುದೇ ನಾನು ಹೇಳಹೊರಟಿರುವ ವಿಷಯ.

ಈ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಯ ಮುಂದೆ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. "ಇವತ್ತು ಸಂಜೆ ಟಿವಿ ಕುಸ್ತಿಯ ವಿಷಯದಲ್ಲಿ ನಾನು ಬಾಯಿ ಬಿಟ್ಟೇ ಬಿಡುತ್ತೇನೆ! ಅಜ್ಜಿ, ಮಾವ ಇಬ್ಬರೂ ಬೆರಗಾಗಬೇಕು!"

ಇದರಲ್ಲೇನು ಘೋರ ಎಂದು ನೀವು ಕೇಳಬಹುದು. ನನ್ನ ದನಿಯ ಕಥೆ ಗೊತ್ತಿದ್ದವರು ಕೇಳುವುದಿಲ್ಲ. ಮನೆಯಲ್ಲಿ ನನ್ನನ್ನು ಎಲ್ಲರೂ 'ಪಿಸು' ಎಂದೇ ಕರೆಯುತ್ತಾರೆ, ಪಿಸುಮಾತಿನ ಪಿಸು. ಶಾಲೆಯಲ್ಲಿ ನನ್ನ ಬೆಂಚು ಕಟ್ಟಕಡೆಯದು. ಟೀಚರ್ ಹೆಸರು ಕರೆದಾಗಲೆಲ್ಲ ನಾನು ಪ್ರಾಮಾಣಿಕವಾಗಿ 'ಹಾಜರ್' ಎನ್ನುತ್ತಿದ್ದೆ. ಆ ಹಾಜರ್ ಎರಡು ಬೆಂಚು ದಾಟುವಷ್ಟರಲ್ಲಿ ಸುಸ್ತಾಗಿ ಬಿದ್ದುಹೋಗುತ್ತಿತ್ತು. ದಿನವೂ ಹೋದವಳು ಪುಸ್ತಕದಲ್ಲಿ ದಿನವೂ ಗೈರು! ಕೊನೆಗೊಂದು ದಿನ ಟೀಚರ್ ನನ್ನನ್ನು ನೋಡಿ, "ಈ ಹುಡುಗಿ ಹೊಸಬಳಾ?" ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ಮರುದಿನದಿಂದ ನಾನು ಹೋಗಲಿಲ್ಲ. "ಗಂಟಲಲ್ಲಿ ದನಿಯೇ ಇಲ್ಲ ಅಪ್ಪ" ಎಂದೆ. ಅಪ್ಪನಿಗೆ ಅದು ಎರಡನೇ ಸಲ ಹೇಳಿದಾಗ ಕೇಳಿಸಿತು, ಹಾಗಾಗಿ ನಂಬಿದರು.

ಅಪ್ಪನದು ಸೋಫಾ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಅಲ್ಲೇ ಕೆಲಸ ಕಲಿತೆ. ಹೋದ ವಾರ ಹಲ್ಲಿನ ಡಾಕ್ಟರಮ್ಮ ತಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಕೂತು ಕಾಯುವ ಸೋಫಾವನ್ನು ಕಳಿಸಿದ್ದರು. ಭಯದಲ್ಲಿ ರೋಗಿಗಳು ಅದರ ತೋಳುಗಳನ್ನು ಗಿಲ್ಲಿ ಗಿಲ್ಲಿ ಸ್ಪಂಜನ್ನೇ ಹೊರಗೆ ತೆಗೆದಿದ್ದರು. ಅಪ್ಪ ಅದನ್ನು ನನ್ನ ಮುಂದಿಟ್ಟು, "ಪೂರ್ತಿ ನೀನೊಬ್ಳೇ ಮಾಡು. ಡಾಕ್ಟರಮ್ಮ ಒಪ್ಪಿದ್ರೆ ನೀನು ಅಂಗಡಿಯವಳು. ಒಪ್ಪಲಿಲ್ಲ ಅಂದ್ರೆ ಮತ್ತೆ ಶಾಲೆ. ಆಗಬಹುದಾ?" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಸೋಫಾದಲ್ಲಿ ಕೂರುವ ಮೆತ್ತೆಯ ಕೆಳಗೆ ಸೆಣಬಿನ ಅಗಲವಾದ ಪಟ್ಟಿಗಳಿರುತ್ತವೆ. ಅವನ್ನು ಬಿಗಿಯಾಗಿ ಎಳೆದು ಮರದ ಚೌಕಟ್ಟಿಗೆ ಮೊಳೆ ಹೊಡೆಯಬೇಕು. ಕೂತವರ ಭಾರವನ್ನೆಲ್ಲ ಹೊರುವುದು ಈ ಪಟ್ಟಿಗಳೇ. ಅಪ್ಪನ ನಿಯಮವೆಂದರೆ, ಕಲಿಯುವವರು ಮೊಳೆಯನ್ನು ಅರ್ಧ ಮಾತ್ರ ಹೊಡೆಯಬೇಕು. ಅಪ್ಪ ಬಂದು ಪಟ್ಟಿಯನ್ನು ಅಂಗೈಯಿಂದ ಒತ್ತಿ ನೋಡಿ, ಸರಿಯಿದ್ದರೆ ಹೂಂ ಎನ್ನುತ್ತಾರೆ. ಆಮೇಲೆಯೇ ಪೂರ್ತಿ ಹೊಡೆಯುವುದು. ನಾನು ಒಂದೊಂದು ಮೊಳೆಯನ್ನೂ ಸರಿಯಾಗಿ ಅರ್ಧಕ್ಕೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದಂತೆ ಹೊಡೆದಿದ್ದೆ. ಶನಿವಾರ ಸಂಜೆ ಅಪ್ಪ ಡಾಕ್ಟರಮ್ಮನನ್ನು ಕರೆತರಲು ಹೋದರು. ಬರುವಷ್ಟರಲ್ಲಿ ಹೇಗೆ ಕಾಣುತ್ತದೆ ನೋಡೋಣವೆಂದು ನಾನು ಮೆತ್ತೆಗಳನ್ನು ಮೇಲೆ ಜೋಡಿಸಿಟ್ಟೆ. ಹೊಸ ಹಸಿರು ರೆಕ್ಸಿನ್‌ನಲ್ಲಿ ಸೋಫಾ ಸಿಂಹಾಸನದಂತೆ ಕಂಗೊಳಿಸಿತು. ಅರ್ಧ ಮೊಳೆಗಳು ಯಾರ ಕಣ್ಣಿಗೂ ಬೀಳಲಿಲ್ಲ!

ಅಷ್ಟರಲ್ಲಿ ಶನಿವಾರದ ಕುಸ್ತಿಯ ಹೊತ್ತಾಯಿತು. ಟಿವಿ ಇರುವುದೂ ಅಂಗಡಿಯಲ್ಲೇ. ಅಪ್ಪನ ತಾಯಿ, ನಮ್ಮ ಅಜ್ಜಿ, ಬಂದು ಚಾಪೆ ಹಾಸಿದರು. ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಕಂಡಕ್ಟರ್ ಚೀಲವನ್ನು ಮೊಳೆಗೆ ನೇತುಹಾಕಿ ಪಕ್ಕದಲ್ಲಿ ಕೂತರು. ಗಿರಾಕಿಯ ಸೋಫಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಮಾವನದು ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಡ್ರೈವರ್‌ಗೆ ಕೇಳಿಸುವ ಗಂಟಲು. ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಜೋಡಿ.

ಪರದೆಯ ಮೇಲೆ ಸೂಟು ಹಾಕಿದ ಪೈಲ್ವಾನನೊಬ್ಬ ಮೈಕು ಹಿಡಿದು ಮಾತಾಡುತ್ತಿದ್ದ.

"ಏನಪ್ಪಾ ಇದು, ಇನ್ನೂ ಮುಗಿದಿಲ್ವಾ ಇವನ ಮಾತು?" ಅಜ್ಜಿ ಶುರುಮಾಡಿದರು. "ಕುಸ್ತಿ ಆಡೋಕೆ ಬಂದ್ನೋ ಓಟು ಕೇಳೋಕೆ ಬಂದ್ನೋ?"

"ಅತ್ತೆ, ಅದು ಕಥೆ! ಯಾಕೆ ಹೊಡೀತಾನೆ ಅಂತ ಜನಕ್ಕೆ ಗೊತ್ತಾಗ್ಬೇಡ್ವಾ?"

"ಹೊಡೆಯೋಕೆ ಕಾರಣ ಬೇರೆ ಬೇಕಾ? ನಮ್ಮ ಕಾಲದಲ್ಲಿ ಗಡ್ಡದ ಗೂಳಿ ಅಂತ ಇದ್ದ. ಬರೋನು, ಗುರ್ ಅನ್ನೋನು, ಎತ್ತಿ ಒಗೆಯೋನು, ಹೋಗೋನು. ನಿಮ್ಮ ತಾತನೂ ಹಾಗೇ ಕಣೇ ಪಿಸು."

"ತಾತ ಎತ್ತಿ ಒಗೀತಿದ್ರಾ?" ನಾನು ಅಜ್ಜಿಯ ಕಿವಿಯ ಹತ್ತಿರ ಹೋಗಿ ಕೇಳಿದೆ.

"ಇಲ್ಲ. ಬರೋರು, ಗುರ್ ಅನ್ನೋರು, ಹೋಗೋರು."

ಮಾವ ಮಂಡಿ ತಟ್ಟಿದರು. "ಗಡ್ಡದ ಗೂಳಿಗೆ ಬರ್ತಿದ್ದದ್ದು ಒಂದೇ ಪಟ್ಟು ಅತ್ತೆ! ಈಗ ಹಾರುವ ಹುಲೀನ ನೋಡಿ. ಹಗ್ಗದ ಮೇಲಿಂದ ಹಾರಿ, ಗಾಳೀಲಿ ಎರಡು ಸುತ್ತು ಸುತ್ತಿ ಬೀಳ್ತಾನೆ!"

"ಸುತ್ತು ಹೊಡೀಲಿಕ್ಕೆ ಅವನೇನು ಗಿರಗಿಟ್ಲೆಯಾ? ಗೆದ್ದೋರಿಗೆ ಕೊಡೋ ಆ ಬೆಲ್ಟುಗಳೋ! ಮೊದಲು ಊರಿಗೊಂದು ಬೆಲ್ಟು. ಈಗ ಆಡೋರಿಗಿಂತ ಬೆಲ್ಟುಗಳೇ ಜಾಸ್ತಿ. ಪ್ಯಾಂಟು ಜಾರ್ದೇ ಇರ್ಲಿ ಅಂತ ಕೊಡ್ತಾರೋ ಏನೋ! ಹೋದ ವಾರ ಒಳ್ಳೆಯವನಾಗಿದ್ದೋನು ಈ ವಾರ ಕೆಟ್ಟವನು. ನಾನು ಯಾರಿಗೆ ಅಂತ ಶಾಪ ಹಾಕ್ಲಿ?"

"ಲೋಕಾನೇ ಹಾಗಲ್ವಾ ಅತ್ತೆ! ನಮ್ಮ ಡಿಪೋ ಮ್ಯಾನೇಜರ್‌ನ ನೋಡಿ. ಸೋಮವಾರ ದೇವರು, ಮಂಗಳವಾರ ದೆವ್ವ!"

ಇಬ್ಬರೂ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರು. ಇದೇ ಮುಹೂರ್ತ! ಎಷ್ಟೋ ಶನಿವಾರಗಳಿಂದ ನೋಡಿ, ಯೋಚಿಸಿ, ನಾನೂ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಕುಸ್ತಿಯಲ್ಲಿ ದೊಡ್ಡವನು ಎತ್ತಿ ಒಗೆಯುವವನಲ್ಲ, ಬೀಳುವವನು. ಅವನು ಚೆನ್ನಾಗಿ ಬಿದ್ದರೆ ಮಾತ್ರ ಒಗೆದವನು ಭೀಮನಂತೆ ಕಾಣುತ್ತಾನೆ. ಈಗಿನವರು ಬಿದ್ದ ತಕ್ಷಣ ಎದ್ದು ಓಡುತ್ತಾರೆ, ಬಿದ್ದದ್ದಕ್ಕೆ ಬೆಲೆಯೇ ಇಲ್ಲ. ಕುಸ್ತಿ ಕೆಟ್ಟಿರುವುದು ಅದರಿಂದ. ಬಿದ್ದ ಮೇಲೆ ಸ್ವಲ್ಪ ಹೊತ್ತು ಬಿದ್ದಿರಬೇಕು!

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇದೆಲ್ಲವನ್ನೂ ಹೇಳಿದೆ. ಪೂರ್ತಿಯಾಗಿ ಹೇಳಿದೆ!

ಅಜ್ಜಿ ಮೇಲೆ ನೋಡಿದರು. "ಆ ಫ್ಯಾನ್ ಆಫ್ ಮಾಡಪ್ಪಾ. ಏನೋ ಸುಯ್ ಅಂತಿದೆ."

"ಆಮೇಲೆ ಮಾಡ್ತೀನಿ ಅತ್ತೆ, ಸೆಖೆ" ಎಂದು ಮಾವ ಮತ್ತೆ ಹಾರುವ ಹುಲಿಯ ಬಳಿಗೆ ಹೊರಟುಹೋದರು.

ಓದುಗರೇ, ನನ್ನ ರಕ್ತ ಕುದಿಯಿತು! ನನ್ನ ರಕ್ತ ಕುದಿಯುವುದು ಹೊರಗೆ ಕಾಣುವುದಿಲ್ಲ, ಕಿವಿ ಮಾತ್ರ ಸ್ವಲ್ಪ ಬಿಸಿಯಾಗುತ್ತದೆ. ಹೇಳಿದರೆ ಕೇಳಿಸದಿದ್ದರೆ ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಸೋಫಾದ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಎತ್ತರದ ಮೇಜಿತ್ತು. ಅದರ ಮುಂದೆ ನೆಲದ ಮೇಲೆ ಹಳೆಯ ಸ್ಪಂಜುಗಳನ್ನೆಲ್ಲ ತಂದು ಗುಡ್ಡೆ ಹಾಕಿದೆ. ಗುಡ್ಡೆಯ ಅಗಲವನ್ನು ಟೇಪಿನಿಂದ ಅಳೆದೆ. ನನ್ನ ಉದ್ದವನ್ನೂ ಅಳೆದುಕೊಂಡೆ. ಮಂಡಿಯಿಂದ ಒತ್ತಿ ನೋಡಿದೆ. ಜೇಬಿನಲ್ಲಿದ್ದ ಕತ್ತರಿಯನ್ನು ತೆಗೆದಿಟ್ಟೆ. ಇಷ್ಟು ಎಚ್ಚರಿಕೆಯಿಂದ ಯಾವ ಪೈಲ್ವಾನನೂ ಈವರೆಗೆ ಹಾರಿರಲಾರ! ಮೇಜು ಹತ್ತಿದೆ. ಎರಡೂ ಕೈ ಚಾಚಿದೆ. ಕಣ್ಣು ಮುಚ್ಚಿ, ತೆರೆದು, ಹಾರಿದೆ.

ಅದೇ ಕ್ಷಣಕ್ಕೆ ಮಾವನಿಗೆ ಅಜ್ಜಿಯ ಮೇಲೆ ಕರುಣೆ ಉಕ್ಕಬೇಕೇ! "ಅತ್ತೆ, ಬೆನ್ನಿಗೆ ಇದನ್ನ ಇಟ್ಕೊಳ್ಳಿ" ಎನ್ನುತ್ತಾ, ಟಿವಿಯಿಂದ ಕಣ್ಣು ಕೀಳದೆ, ಕೈ ಹಿಂದೆ ಚಾಚಿ ಗುಡ್ಡೆಯ ಅಡಿಯಲ್ಲಿದ್ದ ದೊಡ್ಡ ಸ್ಪಂಜನ್ನೇ ಎಳೆದುಕೊಂಡರು. ಗುಡ್ಡೆ ಅತ್ತಿತ್ತ ಜಾರಿ, ನಡುವೆ ಬರೀ ಸಿಮೆಂಟು ನೆಲ ಹೊಳೆಯಿತು. ನಾನಾಗಲೇ ಗಾಳಿಯಲ್ಲಿದ್ದೆ! ಪ್ರಾಣಭಯದಲ್ಲಿ ಮೈಯನ್ನು ಹೇಗೆ ತಿರುಚಿದೆನೋ ಇನ್ನೂ ತಿಳಿದಿಲ್ಲ. ನೆಲ ತಪ್ಪಿತು. ಸೋಫಾ ಸಿಕ್ಕಿತು.

ಟಪ್! ಟಪ್! ಟಪ ಟಪ ಟಪ್! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅರ್ಧಕ್ಕೆ ಹೊಡೆದಿದ್ದ ನನ್ನ ಮೊಳೆಗಳು ಕೂದಲೆಳೆಯಷ್ಟೂ ತಡಮಾಡದೆ ಒಂದರ ಹಿಂದೊಂದು ಕಿತ್ತುಬಂದವು. ಪಟ್ಟಿಗಳು ಕೈಬಿಟ್ಟವು. ಮೆತ್ತೆಯ ಸಮೇತ ನಾನು ಚೌಕಟ್ಟಿನೊಳಗೆ ಇಳಿದುಹೋದೆ. ಬೆನ್ನು ನೆಲಕ್ಕೆ, ಮಂಡಿ ಗಲ್ಲಕ್ಕೆ, ಪಾದಗಳು ಆಕಾಶಕ್ಕೆ! ಹೆಬ್ಬೆರಳು ಮರಕ್ಕೂ ಮೆತ್ತೆಗೂ ನಡುವೆ ಎಲ್ಲೋ ಉಳಿಯಿತು.

"ಅತ್ತೆ!" ಮಾವ ಕೂಗಿದರು. "ನೋಡಿದ್ರಾ? ಗಾಳೀಲೇ ತಿರುಗಿದ್ಳು! ಥೇಟ್ ಹಾರುವ ಹುಲಿ!"

"ತಿರುಗಿದ್ದೇನು ಮಹಾ! ಬಿದ್ದದ್ದು ನೋಡು. ಬಿದ್ಮೇಲೆ ಅಲ್ಲಾಡ್ಲೇ ಇಲ್ಲ. ಗಡ್ಡದ ಗೂಳಿ ಒಗೆದೋರು ಹೀಗೇ ಬಿದ್ದಿರ್ತಿದ್ರು. ಹಳೇ ಕಾಲದ ಕುಸ್ತಿ ಕಣೋ ಇದು!"

"ಅಲ್ಲಾಡೋಕೆ ಆಗ್ತಿಲ್ಲ ಅಜ್ಜಿ!" ಎಂದೆ.

"ಫ್ಯಾನ್ ಇನ್ನೂ ಆಫ್ ಮಾಡಿಲ್ವೇನೋ?" ಎಂದರು ಅಜ್ಜಿ. ಮಾವ ಕೊನೆಗೂ ಎದ್ದು ಹೋಗಿ ಫ್ಯಾನ್ ಆರಿಸಿ ಬಂದರು! ನನ್ನನ್ನು ದಾಟಿಕೊಂಡೇ ಹೋದರು, ದಾಟಿಕೊಂಡೇ ಬಂದರು. ಅಜ್ಜಿ ನೆಲಕ್ಕೆ ಅಂಗೈ ಬಡಿದು ರೆಫರಿಯಂತೆ ಎಣಿಸತೊಡಗಿದರು. "ಒಂದು... ಎರಡು..."

ಮೂರು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಅಪ್ಪನ ಹಿಂದೆ ಡಾಕ್ಟರಮ್ಮ.

ನನ್ನ ಅಂಗಡಿ, ನನ್ನ ಸುತ್ತಿಗೆ, ಎಲ್ಲವೂ ಕಣ್ಣ ಮುಂದೆ ಕಿಟಕಿಯಾಚೆ ಹಾರಿಹೋದವು. ಡಾಕ್ಟರಮ್ಮ ನಿಧಾನವಾಗಿ ಬಂದು ನನ್ನ ಮೇಲೆ ಬಗ್ಗಿದರು. ಮಲಗಿದವರನ್ನು ಮೇಲಿನಿಂದ ನೋಡಿ ನೋಡಿ ಅವರಿಗೆ ಅಭ್ಯಾಸ.

"ಬಾಯಿ ತೆಗಿ" ಎಂದರು. ತೆಗೆದೆ. "ಎಲ್ಲಾ ಇವೆ. ಅಲ್ಲಮ್ಮಾ, ಟಿವಿ ಕುಸ್ತಿಯೆಲ್ಲಾ ಬರೀ ನಾಟಕ ಅಂತ ಗೊತ್ತಿಲ್ವಾ? ಯಾಕೆ ಹೀಗೆ ಹಾರ್ತೀರಾ?"

ನಾಟಕ! ಆ ಮಾತು ಕೇಳಿದ್ದೇ ತಡ, ಅಷ್ಟು ಹೊತ್ತು ಹಾವು ಮುಂಗುಸಿಯಾಗಿದ್ದ ಅಜ್ಜಿ, ಮಾವ ಹೆಗಲಿಗೆ ಹೆಗಲು ಕೊಟ್ಟು ನಿಂತರು.

"ನಾಟಕಾನಾ? ಗಡ್ಡದ ಗೂಳಿಗೆ ಪಕ್ಕೆಲುಬು ಮುರಿದಿತ್ತು ತಾಯಿ!"

"ಹಾರುವ ಹುಲಿಗೆ ಭುಜ ಜಾರಿತ್ತು ಮೇಡಂ!"

"ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರಲ್ವಾ? ಅದಕ್ಕೇನಂತೀರಿ?" ಡಾಕ್ಟರಮ್ಮನೂ ಬಿಡುವ ಹೆಣ್ಣಲ್ಲ.

ಮಾತಿನ ಕಾಳಗ ನನ್ನ ಪಾದಗಳ ಮೇಲಿನಿಂದಲೇ ಅತ್ತಿತ್ತ ಹಾರಾಡಿತು. ನನ್ನನ್ನು ಎತ್ತಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೆಬ್ಬೆರಳು ಧಗಧಗ ಉರಿಯುತ್ತಿತ್ತು. ಆಗ ನನ್ನೊಳಗೆ, ಎಲ್ಲಿ ಅಡಗಿತ್ತೋ ಗೊತ್ತಿಲ್ಲ, ಏನೋ ಒಂದು ಸಿಡಿಯಿತು.

"ಬೀಳೋದು ನಾಟಕ ಅಲ್ಲ! ಬಿದ್ರೆ ನೋಯುತ್ತೆ! ಬೀಳೋನು ಚೆನ್ನಾಗಿ ಬಿದ್ರೇನೇ ಒಗೆಯೋನು ದೊಡ್ಡೋನು! ಈಗಿನವರು ಬಿದ್ದ ತಕ್ಷಣ ಎದ್ದು ಓಡ್ತಾರೆ, ಅದಕ್ಕೇ ಕುಸ್ತಿ ಕೆಟ್ಟಿರೋದು! ಯಾರಾದ್ರೂ ನನ್ನ ಎತ್ರೀ!"

ಕಪಾಟಿನ ಗಾಜು ಝಣ್ ಎಂದಿತು. ಬೀದಿಯಲ್ಲಿ ನಾಯಿ ಬೊಗಳಿತು. ಎದುರುಮನೆಯ ಕಿಟಕಿ ಧಡಾರನೆ ತೆರೆದುಕೊಂಡಿತು.

"ಯಾರದು ಕಿರುಚಿದ್ದು?" ಅಜ್ಜಿ ಸುತ್ತಲೂ ನೋಡಿದರು.

ಮಾವ ಒಂದು ಕೈ, ಡಾಕ್ಟರಮ್ಮ ಒಂದು ಕೈ ಹಿಡಿದು ಎಳೆದರು. ಹಲ್ಲು ಕಿತ್ತ ಅನುಭವವಿದ್ದುದರಿಂದ ಡಾಕ್ಟರಮ್ಮನ ಕಡೆಯಿಂದಲೇ ನಾನು ಮೊದಲು ಹೊರಬಂದೆ. ಅಪ್ಪ ಮಂಡಿಯೂರಿ ಕೂತು ಚೌಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಮೊಳೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಅರ್ಧ ಮೊಳೆ" ಎಂದರು.

"ನೀವೇ ಹೇಳಿದ್ದಲ್ವಾ ಅಪ್ಪ" ಎಂದೆ. ದನಿ ಮತ್ತೆ ಗೂಡು ಸೇರಿತ್ತು.

"ಹೌದು. ಪೂರ್ತಿ ಹೊಡೆದಿದ್ರೆ ನೀನು ಬಿದ್ದ ರಭಸಕ್ಕೆ ಮರಾನೇ ಸೀಳ್ತಿತ್ತು. ಈಗ ಮೊಳೆ ಬಂದಿದೆ ಅಷ್ಟೇ, ಚೌಕಟ್ಟಿಗೆ ಏನೂ ಆಗಿಲ್ಲ." ಅಪ್ಪ ನಾನು ಬೀಳದ ಬದಿಯ, ಇನ್ನೂ ಬಿಗಿಯಾಗಿದ್ದ ಪಟ್ಟಿಗಳನ್ನು ಅಂಗೈಯಿಂದ ಒತ್ತಿದರು. "ಹೂಂ" ಎಂದರು ಅಪ್ಪ.

ಡಾಕ್ಟರಮ್ಮ ತೋಳಿನ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. "ಹೊಲಿಗೆ ಚೆನ್ನಾಗಿದೆ. ನನ್ನ ಪೇಷಂಟುಗಳು ಗಿಲ್ಲಿದ್ರೂ ತಡೆಯುತ್ತೆ. ಮೊಳೆ ಪೂರ್ತಿ ಹೊಡೆದು ಕಳಿಸಿ." ಹೊಸ್ತಿಲು ದಾಟುತ್ತಾ ಅಜ್ಜಿಯ ಕಡೆ ತಿರುಗಿದರು. "ಕುಸ್ತಿ ಕೆಟ್ಟಿದೆ ಅಂತೀರಲ್ಲ, ಟಿವಿ ನೋಡಿ ಹೀಗೆ ಹಾರಿ ಹಲ್ಲು ಮುರ್ಕೊಂಡೋರು ಪ್ರತಿ ಭಾನುವಾರ ಬಂದು ಬಾಗಿಲು ತಟ್ತಾರೆ. ನನ್ನನ್ನ ಕೇಳಿದ್ರೆ, ಕುಸ್ತಿ ಬಹಳ ಚೆನ್ನಾಗೇ ನಡೀತಿದೆ!"

ಅವರು ಹೋದದ್ದೇ ತಡ, ನಾನು ಕುಣಿದುಬಿಟ್ಟೆ. "ಒಪ್ಪಿದ್ರು! ಹಾಗಾದ್ರೆ ನಾನು ಅಂಗಡಿಯವಳು!"

"ಅಂಗಡಿಯವಳೇ. ಕೊಟ್ಟ ಮಾತು ಕೊಟ್ಟದ್ದೇ" ಎಂದರು ಅಪ್ಪ. "ಆದ್ರೆ ಗಂಟಲಲ್ಲಿ ದನಿ ಇಲ್ಲ ಅಂತಲ್ವಾ ನೀನು ಶಾಲೆ ಬಿಟ್ಟದ್ದು? ಎದುರುಮನೆಯವರು ಕಿಟಕಿ ತೆಗೆದು ನೋಡಿದ್ರು. ಇಷ್ಟು ದನಿ ಇದ್ದೋಳಿಗೆ 'ಹಾಜರ್' ಅನ್ನೋದೇನು ಕಷ್ಟ? ಹಗಲು ಸುತ್ತಿಗೆ ಹಿಡಿ, ಸಂಜೆ ಹೊತ್ತು ದುಡಿಯೋರಿಗೆ ಅಂತ ನಡೆಸೋ ಶಾಲೆಗೆ ಹೋಗು."

ನಾನು ಸಹಾಯಕ್ಕಾಗಿ ಅಜ್ಜಿಯನ್ನು ನೋಡಿದೆ, ಮಾವನನ್ನು ನೋಡಿದೆ. ಎಷ್ಟೋ ವರ್ಷಗಳಿಂದ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದ ಆ ಇಬ್ಬರೂ ಒಟ್ಟಿಗೇ "ಸರಿಯಾದ ಮಾತು!" ಎಂದುಬಿಟ್ಟರು.

ಉಳಿದಿದ್ದ ಒಂದೇ ಪಟ್ಟು ಹಾಕಿದೆ. ತಲೆ ತಗ್ಗಿಸಿ, ನನ್ನ ಹಳೆಯ ದನಿಯಲ್ಲಿ, ಆದಷ್ಟೂ ಸಣ್ಣಗೆ, "ಆಗಲ್ಲ ಅಪ್ಪ... ದನಿ ಹೊರಡೋದೇ ಇಲ್ಲ..." ಎಂದೆ.

ಅಜ್ಜಿ ಮೇಲೆ ನೋಡಿದರು. ಆಮೇಲೆ ನನ್ನನ್ನು ನೋಡಿ, ಹತ್ತಿರ ಎಳೆದುಕೊಂಡು, ಊದಿದ ಹೆಬ್ಬೆರಳಿಗೆ ಊದುತ್ತಾ ನಕ್ಕರು.

"ಫ್ಯಾನ್ ಆಫ್ ಆಗಿದೆ ಕಣೇ, ಎಲ್ಲಾ ಕೇಳಿಸ್ತಿದೆ. ನಾಟಕ ಸಾಕು!"

ಸೋಮವಾರ ಬೆಳಿಗ್ಗೆ ಪಟ್ಟಿಗಳನ್ನು ಮತ್ತೆ ಎಳೆದು ಕಟ್ಟುತ್ತೇನೆ. ಅಪ್ಪ ಹೂಂ ಎಂದ ಮೇಲೆ ಮೊಳೆಗಳನ್ನು ಪೂರ್ತಿ ಹೊಡೆಯುತ್ತೇನೆ. ಅವತ್ತೇ ಸಂಜೆ ಆ ಶಾಲೆಗೆ ಹೋಗಿ ಮೊದಲನೇ ಬೆಂಚಿನಲ್ಲಿ ಕೂರುತ್ತೇನೆ, ಹೆಸರು ಕರೆದಾಗ ಹಾಜರ್ ಎನ್ನುತ್ತೇನೆ.